ತಾಯ್‌ಚಿ ವಿದ್ಯೆಯೂ ಗ್ರಂಥಪಠನವೂ

ಪುಸ್ತಕದ ಬದನೆಕಾಯಿಯಿಂದ ಪಲ್ಯವಾಗದೆಂಬ ಲೋಕೋಕ್ತಿಯು ಎಲ್ಲರಿಗೂ ತಿಳಿದುದೇ. ಆದರೆ ಆ ಮಾತು ಎಲ್ಲ ವಿದ್ಯೆಗಳಿಗೂ ಸಮನಾಗಿ ಅನ್ವಯಿಸುವುದಿಲ್ಲ. ವ್ಯಾಕರಣ, ತರ್ಕ ಮೊದಲಾದ ಶಾಸ್ತ್ರಗಳಲ್ಲಿ ಶಬ್ದವೇ ಸಾಧನವಾಗಿಯೂ ಅರ್ಥಜ್ಞಾನವೇ ಸಾಧ್ಯವಾಗಿಯೂ ಇರುವುದರಿಂದ, ಬುದ್ಧಿಶಾಲಿಯಾದವನು ಗ್ರಂಥಬಲದಿಂದಲೇ ಬಹುದೂರ ಸಾಗಬಲ್ಲನು. ಈಜು, ಮಲ್ಲವಿದ್ಯೆ, ವೀಣಾವಾದನಗಳಲ್ಲಾದರೋ ಕಲಿಯತಕ್ಕದ್ದು ಶರೀರವು. ಈಜಿನ ಮೇಲೆ ಹತ್ತು ಗ್ರಂಥಗಳನ್ನು ಓದಿದವನೂ ನೀರಿಗಿಳಿದೊಡನೆ ಓದದವನಂತೆಯೇ ಮುಳುಗುವನು. ಚೀನದೇಶದ ತಾಯ್‌ಚಿ ಎಂಬ ವಿದ್ಯೆಯು ಈ ಎರಡು ವರ್ಗಗಳ ನಡುವೆ ವಿಚಿತ್ರವಾದೊಂದು ಸ್ಥಾನದಲ್ಲಿದೆ. ಅದು ನಿಸ್ಸಂಶಯವಾಗಿ ಶರೀರದ ವಿದ್ಯೆ. ಆದರೂ ಅದನ್ನು ಬಲ್ಲವರು ತತ್ತ್ವಶಾಸ್ತ್ರದ ಪರಿಭಾಷೆಯಲ್ಲಿ ಲಕ್ಷಣಗ್ರಂಥಗಳನ್ನು ರಚಿಸಿರುವರು. ಅವುಗಳಿಗೆ ವ್ಯಾಖ್ಯಾನಗಳೂ, ಆ ವ್ಯಾಖ್ಯಾನಗಳಿಗೆ ಭಾಷಾಂತರಗಳೂ ಹುಟ್ಟಿರುವುವು. ಗುರುವು ದೊರೆಯದ ಊರಿನಲ್ಲಿರುವ ಗೃಹಸ್ಥನು, ವಿಶೇಷವಾಗಿ ವಯಸ್ಸಾದವನು, ಇಂತಹ ಗ್ರಂಥವೊಂದನ್ನು ನೆಚ್ಚಿ ಅಂಗಳದಲ್ಲಿ ನಿಂತು ಕೈಕಾಲುಗಳನ್ನಾಡಿಸಲು ತೊಡಗಿದರೆ ಅವನಿಗೆ ದೊರೆಯುವುದೇನು, ದೊರೆಯಲಾರದುದೇನು ಎಂಬ ಪ್ರಶ್ನೆಯು ಸಹಜವಾಗಿಯೇ ಏಳುವುದು. ಆ ಗ್ರಂಥಗಳ ಗುಣದೋಷಗಳನ್ನು ಪರಿಶೀಲಿಸದೆ ಇದಕ್ಕೆ ಉತ್ತರ ಹೇಳುವುದು ಯುಕ್ತವಲ್ಲ.

ಮೊದಲು ಹೆಸರಿನ ವಿಚಾರವನ್ನು ನೋಡಬೇಕು. ಓದುಗನು ಮುಗ್ಗರಿಸುವ ಮೊದಲನೆಯ ಕಲ್ಲು ಅಲ್ಲಿಯೇ ಇರುವುದು. 'ತಾಯ್‌ಚಿ' ಎಂಬಲ್ಲಿನ ಎರಡನೆಯ ಪದವನ್ನು ಪ್ರಾಣಶಕ್ತಿವಾಚಕವಾದ 'ಛಿ' ಎಂಬ ಶಬ್ದವೆಂದೇ ಅನೇಕರು ಭಾವಿಸಿ, ಇದು ಪ್ರಾಣವನ್ನು ಸಾಧಿಸುವ ವಿದ್ಯೆಯೆಂದು ಹೆಸರಿನಿಂದಲೇ ನಿರ್ಣಯಿಸುವರು. ಇದು ಭ್ರಾಂತಿ. ಚೀನೀ ಲಿಪಿಯಲ್ಲಿ ಅವೆರಡೂ ಬೇರೆಬೇರೆ ಅಕ್ಷರಗಳು. ಉಚ್ಚಾರದಲ್ಲಿ ಒಂದು ಅಲ್ಪಪ್ರಾಣ, ಮತ್ತೊಂದು ಮಹಾಪ್ರಾಣ. ಆಂಗ್ಲಲಿಪಿಯ ಹಳೆಯ ಲೇಖನಕ್ರಮದಲ್ಲಿ ಈ ಭೇದವನ್ನು ಒಂದು ಸಣ್ಣ ಚಿಹ್ನೆಯಿಂದ ಸೂಚಿಸುತ್ತಿದ್ದರು. ಮುದ್ರಕರು ಅದನ್ನು ಕೈಬಿಟ್ಟುದರಿಂದ ಎರಡು ಶಬ್ದಗಳು ಒಂದಾದುವು. ಅಲ್ಪಪ್ರಾಣ ಮಹಾಪ್ರಾಣಗಳನ್ನು ಬಾಲ್ಯದಲ್ಲಿಯೇ ಕಲಿಯುವ ಕನ್ನಡ ವಾಚಕನು ಈ ತಪ್ಪಿಗೆ ಒಳಗಾಗಬೇಕಾದ ಕಾರಣವಿಲ್ಲ. ಮನೆಯ ಮಾಡಿನ ಎರಡು ಇಳಿಜಾರುಗಳು ಕೂಡುವ ನೆತ್ತಿಯ ತೊಲೆಯೆಂಬುದೇ ಈ ಅಲ್ಪಪ್ರಾಣದ 'ಚಿ' ಎಂಬುದಕ್ಕೆ ಮೂಲಾರ್ಥ. ಅದರಿಂದ ಪರಾಕಾಷ್ಠೆ, ಪರಮಾವಧಿ ಎಂಬ ಅರ್ಥಗಳು ಬಂದುವು. 'ತಾಯ್' ಎಂದರೆ ಅತಿಶಯವಾದುದು. ಹೀಗೆ ತಾಯ್‌ಚಿ ಎಂದರೆ ಯಿನ್ ಯಾಂಗ್ ಎಂಬ ಎರಡು ತತ್ತ್ವಗಳಿಗೆ ಮೂಲವಾಗಿ, ಅವುಗಳಿಗಿಂತ ಮೇಲಿರುವ ಪರಮಾವಧಿ. ಪೂರ್ಣನಾಮದಲ್ಲಿ ಇದಕ್ಕೆ 'ಚುವಾನ್', ಅಂದರೆ ಮುಷ್ಟಿಯುದ್ಧ, ಎಂಬ ಪದವೂ ಸೇರಿರುವುದು. ತತ್ತ್ವವೂ ಮುಷ್ಟಿಯೂ ಒಂದೇ ಹೆಸರಿನಲ್ಲಿ ಕೂಡಿರುವುದನ್ನು ಮರೆತ ಓದುಗನು ಅರ್ಧಹೆಸರನ್ನೇ ಓದಿದವನು.

ಇನ್ನು ಗ್ರಂಥಗಳ ಉತ್ಪತ್ತಿ. ಈ ವಿದ್ಯೆಯನ್ನು ಚಾಂಗ್ ಸಾನ್‌ಫೆಂಗ್ ಎಂಬ ಸಿದ್ಧನು ಕಂಡುಹಿಡಿದನೆಂಬ ಐತಿಹ್ಯವು ಪ್ರಸಿದ್ಧವಾಗಿದೆ. 1930ರ ದಶಕದಲ್ಲಿ ತಾಂಗ್ ಹಾವೊ ಎಂಬ ಸಂಶೋಧಕನು ಹೆನಾನ್ ಪ್ರಾಂತದ ಚೆನ್‌ಜಿಯಾಗೌ ಗ್ರಾಮಕ್ಕೆ ಹೋಗಿ, ಅಲ್ಲಿನ ಚೆನ್ ಮನೆತನದ ದಾಖಲೆಗಳನ್ನು ಪರಿಶೀಲಿಸಿ, ಆ ಐತಿಹ್ಯಕ್ಕೆ ಆಧಾರವಿಲ್ಲವೆಂದೂ, ಹದಿನೇಳನೆಯ ಶತಮಾನದ ಚೆನ್ ವಾಂಗ್‌ತಿಂಗ್ ಎಂಬ ಯೋಧನೇ ಮೂಲಪುರುಷನೆಂದೂ ವಾದಿಸಿದನು. ಆ ಗ್ರಾಮದಲ್ಲಿ ಚೆನ್ ಚಾಂಗ್‌ಶಿಂಗ್ ಎಂಬವನಿಂದ ಯೊಂಗ್‌ನಿಯನ್ ಊರಿನ ಯಾಂಗ್ ಲೂಚಾನ್ ಎಂಬವನು ಈ ವಿದ್ಯೆಯನ್ನು ಕಲಿತನು. ಅವನಿಂದ ಅದೇ ಊರಿನ ವೂ ಯೂಶ್ಯಾಂಗ್ ಎಂಬ ಪಂಡಿತಮನೆತನದವನಿಗೆ ಅದರ ಪರಿಚಯವಾಯಿತು. ಈ ವೂ ಯೂಶ್ಯಾಂಗನ ಅಣ್ಣನು 1852ರಲ್ಲಿ ರಾಜ್ಯದ ಅತ್ಯುಚ್ಚ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಹೆನಾನಿನ ವೂಯಾಂಗ್ ಎಂಬಲ್ಲಿ ಅಧಿಕಾರಿಯಾಗಿದ್ದಾಗ, ಅಲ್ಲಿನ ಉಪ್ಪಿನಂಗಡಿಯೊಂದರಲ್ಲಿ ವಾಂಗ್ ಜೊಂಗ್‌ಯುವೆ ಎಂಬವನ ಹೆಸರಿನ ಲಕ್ಷಣಗ್ರಂಥವು ದೊರೆಯಿತೆಂದು ಆ ಮನೆತನದ ಸಂಪ್ರದಾಯವು ಹೇಳುವುದು. ಗ್ರಂಥವು ನಿಜವಾಗಿ ದೊರೆಯಿತೇ, ವೂ ಸಹೋದರರೇ ಅದನ್ನು ರಚಿಸಿ ಪ್ರಾಚೀನನ ಹೆಸರಿಟ್ಟರೇ ಎಂಬ ಸಂಶಯವನ್ನು ಕೆಲವು ವಿದ್ವಾಂಸರು ಎತ್ತಿರುವರು. ವೂ ಯೂಶ್ಯಾಂಗನ ಸೋದರಳಿಯ ಲೀ ಯೀಯೂ ಎಂಬವನು 1881ರಲ್ಲಿ ಬರೆದ ಪೀಠಿಕೆಯಲ್ಲಿ ಈ ವಿದ್ಯೆಯು ಯಾರಿಂದ ಆರಂಭವಾಯಿತೆಂಬುದು ತಿಳಿಯದೆಂದು ಒಪ್ಪಿಕೊಂಡಿರುವನು. ಸಿದ್ಧಪುರುಷರ ಕಥೆಗಳೇ ಮಾನ್ಯವಾಗಿದ್ದ ಕಾಲದಲ್ಲಿ ಈ ಸತ್ಯನಿಷ್ಠೆಯು ಶ್ಲಾಘ್ಯವು.

ವಾಂಗ್ ಜೊಂಗ್‌ಯುವೆಯ ಹೆಸರಿನ ಈ ಗ್ರಂಥವು ಕೆಲವೇ ನೂರು ಅಕ್ಷರಗಳದು. ಭಾರತೀಯ ಸೂತ್ರಗ್ರಂಥಗಳನ್ನು ಬಲ್ಲವರಿಗೆ ಇದರ ಸ್ವರೂಪವು ಕೂಡಲೇ ಗೋಚರಿಸುವುದು. ಸೂತ್ರವು ಅರಿಯದವನಿಗೆ ಅರಿವನ್ನು ಕೊಡುವುದಕ್ಕಾಗಿ ಹುಟ್ಟಿದುದಲ್ಲ. ಗುರುಮುಖದಿಂದ ವಿಷಯವನ್ನು ಕೇಳಿದವನು ಅದನ್ನು ಧಾರಣೆಯಲ್ಲಿ ಇಟ್ಟುಕೊಳ್ಳುವುದಕ್ಕಾಗಿ ಹುಟ್ಟಿದುದು. ತಾಯ್‌ಚಿಯ ಮೂಲಗ್ರಂಥಗಳೂ ಅಂತಹವೇ. ಕೈಯನ್ನು ಎಲ್ಲಿಂದ ಎಲ್ಲಿಗೆ ಒಯ್ಯಬೇಕು, ಹೆಜ್ಜೆಯು ಎಷ್ಟು ಅಗಲವಿರಬೇಕು ಎಂಬುದನ್ನು ಅವು ಹೇಳುವುದೇ ಇಲ್ಲ. ಅದನ್ನೆಲ್ಲ ಬಲ್ಲವನಿಗೆ, ಮಾಡುವುದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಲಕ್ಷಣಗಳನ್ನು ಮಾತ್ರ ಹೇಳುವುವು. ಬಲಿಷ್ಠನು ದುರ್ಬಲನನ್ನು ಗೆಲ್ಲುವುದು ಹುಟ್ಟುಗುಣವೇ ಹೊರತು ಕಲಿಕೆಯ ಫಲವಲ್ಲವೆಂದೂ, ಎದುರಾಳಿಯ ಬಲಕ್ಕೆ ಬಲವನ್ನೊಡ್ಡದೆ ಅದನ್ನನುಸರಿಸಿ ಬದಲಿಸುವುದೇ ಈ ವಿದ್ಯೆಯೆಂದೂ ಆ ಗ್ರಂಥದ ಆಶಯ. ಈ ಆಶಯವು ಓದುವವನಿಗೆ ಒಡನೆಯೇ ಮನೋಹರವಾಗುವುದು. ಮನೋಹರವಾದುದರಿಂದಲೇ ತಾನು ಅದನ್ನು ತಿಳಿದೆನೆಂಬ ಭ್ರಮೆಯೂ ಅವನಿಗೆ ಸುಲಭವಾಗಿ ಉಂಟಾಗುವುದು.

ಇದಕ್ಕೊಂದು ಉದಾಹರಣೆಯನ್ನು ವಿಸ್ತರಿಸಿ ನೋಡುವುದು ಉಚಿತ. ವರ್ಷಗಟ್ಟಲೆ ಅಭ್ಯಾಸಮಾಡಿಯೂ ಇತರರಿಗೆ ಸೋಲುವವನಲ್ಲಿ 'ದ್ವಿಭಾರ'ವೆಂಬ ದೋಷವಿರುವುದೆಂದು ಆ ಗ್ರಂಥವು ಹೇಳುವುದು. ದ್ವಿಭಾರವೆಂದರೇನು? ಎರಡು ಪಾದಗಳ ಮೇಲೂ ಸಮಭಾರವಿರಿಸಿ ನಿಲ್ಲುವುದೆಂದು ಒಂದು ವ್ಯಾಖ್ಯಾನ. ಶಬ್ದವನ್ನು ಮಾತ್ರ ನೋಡಿದರೆ ಇದೇ ಸರಿಯೆಂದು ತೋರುವುದು. ಆದರೆ ಅಭ್ಯಾಸವನ್ನು ಆರಂಭಿಸುವ ಭಂಗಿಯಲ್ಲಿಯೇ ಎರಡು ಪಾದಗಳ ಮೇಲೂ ಭಾರವು ಸಮನಾಗಿರುವುದು; ಕೈಗಳನ್ನು ಎದೆಯ ಮುಂದೆ ಅಡ್ಡವಾಗಿಟ್ಟು ನಿಲ್ಲುವ ಭಂಗಿಯಲ್ಲಿಯೂ ಹಾಗೆಯೇ. ಅವೆಲ್ಲ ದೋಷಗಳೆಂದು ಯಾವ ಗುರುವೂ ಹೇಳಿಲ್ಲ. ಆದುದರಿಂದ ಮತ್ತೆ ಕೆಲವರು, ಎದುರಾಳಿಯು ತಳ್ಳಿದೆಡೆಯಲ್ಲಿಯೇ ತಾನೂ ತಳ್ಳುವುದು, ಬಲಕ್ಕೆ ಬಲ ತಾಗಿ ಇಬ್ಬರೂ ಸಿಕ್ಕಿಕೊಳ್ಳುವುದು ದ್ವಿಭಾರವೆಂದು ವ್ಯಾಖ್ಯಾನಿಸುವರು. ಯಾವ ಅರ್ಥವು ಸಾಧುವೆಂಬುದನ್ನು ನಿಘಂಟಿನಿಂದ ನಿರ್ಣಯಿಸಲು ಸಾಧ್ಯವಿಲ್ಲ. ಇಬ್ಬರು ಎದುರುಬದುರಾಗಿ ನಿಂತು ಮಣಿಕಟ್ಟಿಗೆ ಮಣಿಕಟ್ಟನ್ನು ತಾಗಿಸಿ, ಒಬ್ಬನು ತಳ್ಳಿದಾಗ ಮತ್ತೊಬ್ಬನು ಇಳಿದು ತಿರುಗುವ ತುಯ್‌ಷೌ ಎಂಬ ಜೋಡಿ ಅಭ್ಯಾಸದಲ್ಲಿ, ತಾನು ಸಿಕ್ಕಿಕೊಂಡ ಕ್ಷಣವು ಕಲಿಯುವವನಿಗೆ ತಾನಾಗಿ ಅನುಭವಕ್ಕೆ ಬರುವುದು. ಆಮೇಲೆ ಗ್ರಂಥವನ್ನು ತೆರೆದರೆ ಆ ಶಬ್ದವು ಎದುರಿಗೆ ನಿಂತು ಮಾತನಾಡುವುದು.

ವೂ ಯೂಶ್ಯಾಂಗನು ಗ್ರಂಥದಿಂದಲೇ ಸಿದ್ಧಿ ಪಡೆದನಲ್ಲವೇ ಎಂದು ಇಲ್ಲಿ ಆಕ್ಷೇಪಿಸುವವರುಂಟು. ಅವರು ಕಾಲಕ್ರಮವನ್ನು ಗಮನಿಸಬೇಕು. ಅವನು ಮೊದಲು ಯಾಂಗ್ ಲೂಚಾನನ ಬಳಿ ಕಲಿತನು. ಬಳಿಕ ಜಾವೊಬಾವೊ ಗ್ರಾಮದ ಚೆನ್ ಚಿಂಗ್‌ಪಿಂಗನ ಬಳಿ ತಿಂಗಳಿಗಿಂತ ಹೆಚ್ಚು ಕಾಲ ಅಭ್ಯಾಸಮಾಡಿದನೆಂದು ಅವನ ಸೋದರಳಿಯನೇ ಬರೆದಿರುವನು. ಹೀಗೆ ಕೈಯಿಂದ ಕೈಗೆ ಬಂದ ವಿದ್ಯೆಯನ್ನು ಪಡೆದವನಿಗೆ ಆ ಗ್ರಂಥವು ಬೆಳಕಾಯಿತು. ಆದರೂ ಆಕ್ಷೇಪದಲ್ಲಿ ಒಂದು ಸತ್ಯಾಂಶವಿದೆ. ಆ ಊರಿನ ಸುತ್ತ ಅದೇ ಗುರುಗಳಿಂದ ಕಲಿತವರು ಅನೇಕರಿದ್ದಿರಬೇಕು. ವೂ, ಲೀ ಇವರ ಹೆಸರುಗಳು ಇಂದಿಗೂ ಉಳಿದಿರುವುದಕ್ಕೆ ಅವರು ಓದಿದುದೂ ಬರೆದುದೂ ಕಾರಣ. ಲೀ ಯೀಯೂ ರಚಿಸಿದ ಪಂಚಪದೀಯ ನಿಬಂಧವು ಇದಕ್ಕೆ ಸಾಕ್ಷಿ. ಮನಸ್ಸಿನ ಶಾಂತಿ, ಶರೀರದ ಲಾಘವ, ಪ್ರಾಣದ ಸಂಗ್ರಹ, ಬಲದ ಏಕೀಭಾವ, ಚೈತನ್ಯದ ಏಕಾಗ್ರತೆ ಎಂಬ ಐದನ್ನು ಅವನು ಈ ಕ್ರಮದಲ್ಲಿಯೇ ಹೇಳುವನು. ಮನಶ್ಶಾಂತಿಯನ್ನು ವಿವರಿಸುವಾಗಲೂ ಅವನ ದೃಷ್ಟಿಯು ಎದುರಾಳಿಯ ಕೈಯ ಮೇಲಿರುವುದು: ಮನಸ್ಸು ಶಾಂತವಾಗದಿದ್ದರೆ ಇನ್ನೊಬ್ಬನ ಚಲನೆಯನ್ನು ಅನುಸರಿಸಲಾಗದೆಂಬುದೇ ಅವನ ಹೇತು. ಧ್ಯಾನವೂ ಯುದ್ಧವೂ ಇಲ್ಲಿ ಒಂದೇ ಕ್ರಿಯೆಯಾಗಿರುವುವು. ಸಂಕ್ಷೇಪ, ಕ್ರಮ, ಅನುಭವ ಈ ಮೂರೂ ಕೂಡಿರುವ ಈ ನಿಬಂಧವನ್ನು ತಾಯ್‌ಚಿ ವಾಙ್ಮಯದಲ್ಲಿ ಅತ್ಯುತ್ತಮವೆಂದರೂ ಸಲ್ಲುವುದು.

ಇಪ್ಪತ್ತನೆಯ ಶತಮಾನದಲ್ಲಿ ಗ್ರಂಥಗಳ ಸ್ವಭಾವವೇ ಬದಲಾಯಿತು. ಚೀನದಲ್ಲಿ ಅರಸೊತ್ತಿಗೆಯು ಅಳಿದು ಗಣರಾಜ್ಯವು ಸ್ಥಾಪಿತವಾದ ಮೇಲೆ, ಪ್ರಜೆಗಳ ಶರೀರಬಲವು ರಾಷ್ಟ್ರಬಲವೆಂಬ ಭಾವನೆಯು ಬೆಳೆದು, ಮನೆತನಗಳಲ್ಲಿ ಅಡಗಿದ್ದ ವಿದ್ಯೆಗಳು ಅಚ್ಚಿಗೆ ಬಂದುವು. ಅದುವರೆಗೆ ಶಿಷ್ಯನಿಗಾಗಿ ಬರೆಯುತ್ತಿದ್ದವರು ಈಗ ಅಪರಿಚಿತನಾದ ವಾಚಕನಿಗಾಗಿ ಬರೆಯತೊಡಗಿದರು. 1921ರಲ್ಲಿ ಸುನ್ ಲೂತಾಂಗನ ಗ್ರಂಥವೂ, 1925ರಲ್ಲಿ ಚೆನ್ ವೈಮಿಂಗನ ಗ್ರಂಥವೂ, 1933ರಲ್ಲಿ ಚೆನ್ ಶಿನ್ನನ ಬೃಹದ್ಗ್ರಂಥವೂ, 1934ರಲ್ಲಿ ಯಾಂಗ್ ಲೂಚಾನನ ಮೊಮ್ಮಗ ಯಾಂಗ್ ಚೆಂಗ್‌ಫುವಿನ ಗ್ರಂಥವೂ ಪ್ರಕಟವಾದುವು. ಚೆನ್ ಶಿನ್ನನು 1908ರಿಂದ 1919ರವರೆಗೆ ಶ್ರಮಪಟ್ಟು ತನ್ನ ಗ್ರಂಥವನ್ನು ಬರೆದನು. 1929ರಲ್ಲಿ ತೀರಿಕೊಂಡುದರಿಂದ ಅದನ್ನು ಅಚ್ಚಿನಲ್ಲಿ ಕಾಣಲಿಲ್ಲ. ಪ್ರತಿಯೊಂದು ಭಂಗಿಯನ್ನೂ ಯೀ ಜಿಂಗ್ ಗ್ರಂಥದ ರೇಖಾಕೃತಿಗಳೊಡನೆ ಸಂಬಂಧಿಸುವ ಅವನ ಪಾಂಡಿತ್ಯವು ಗೌರವಾರ್ಹವಾದರೂ, ಹೊಸಬನಿಗೆ ಅಲ್ಲಿ ತತ್ತ್ವದ ಭಾರವೇ ಅಧಿಕವಾಗುವುದು. ರೇಷ್ಮೆಗೂಡಿನಿಂದ ನೂಲನ್ನು ಎಳೆಯುವಂತೆ ಬಲವು ಸುತ್ತಿಸುತ್ತಿ ಬರಬೇಕೆಂಬ ಅವನ ನಿರೂಪಣೆಯಾದರೋ ನೂರು ರೇಖಾಕೃತಿಗಳಿಗಿಂತ ಹೆಚ್ಚು ಉಪಕಾರಿ.

ಚೆನ್ ವೈಮಿಂಗನು ಇತಿಹಾಸಲೇಖನದಲ್ಲಿ ನುರಿತ ವಿದ್ವಾಂಸ. ಅವನ ಗುರುವಾದ ಯಾಂಗ್ ಚೆಂಗ್‌ಫು ಕ್ರಿಯಾಸಿದ್ಧನು. ಗುರುವು ಹೇಳಿದ ಹತ್ತು ಮುಖ್ಯಾಂಶಗಳನ್ನು ಶಿಷ್ಯನು ಬರೆದುಕೊಂಡು ಗ್ರಂಥದಲ್ಲಿ ಸೇರಿಸಿದನು. ನೆತ್ತಿಯು ಲಘುವಾಗಿ ಮೇಲಕ್ಕೆ ನಿಂತಿರುವುದು, ಸೊಂಟವನ್ನು ಸಡಿಲಿಸುವುದು, ತುಂಬಿದ ಕಾಲು ಬರಿದಾದ ಕಾಲುಗಳನ್ನು ವಿಂಗಡಿಸುವುದು, ಭುಜ ಮೊಣಕೈಗಳನ್ನು ಇಳಿಬಿಡುವುದು, ಬಲವನ್ನು ಬಿಟ್ಟು ಸಂಕಲ್ಪವನ್ನು ಉಪಯೋಗಿಸುವುದು, ಎಡೆಬಿಡದೆ ಚಲಿಸುವುದು, ಚಲನೆಯಲ್ಲಿ ನಿಶ್ಚಲತೆಯನ್ನರಸುವುದು ಮೊದಲಾದುವು ಆ ಅಂಶಗಳು. ಸೂತ್ರಕ್ಕಿಂತ ವಿಶದವಾಗಿಯೂ ಭಾಷ್ಯಕ್ಕಿಂತ ಲಘುವಾಗಿಯೂ ಇರುವ ಈ ಭಾಗವು ಇಂದಿಗೂ ಓದಲ್ಪಡುತ್ತಿರುವುದು ನ್ಯಾಯವೇ ಆಗಿದೆ. ಆದರೆ ಅಚ್ಚಿನ ಗ್ರಂಥಗಳಿಗೆಲ್ಲ ಸಾಮಾನ್ಯವಾದ ದೋಷವೊಂದು ಇಲ್ಲಿಯೇ ಸ್ಪಷ್ಟವಾಗುವುದು. ಎಡೆಬಿಡದೆ ಚಲಿಸಬೇಕೆಂದು ವಿಧಿಸುವ ಗ್ರಂಥದಲ್ಲಿಯೇ ಭಾವಚಿತ್ರಗಳು ಚಲನೆಯನ್ನು ತುಂಡರಿಸಿ ನಿಲ್ಲಿಸಿರುವುವು. ಭಂಗಿಯ ಕೊನೆಯು ಚಿತ್ರದಲ್ಲಿರುವುದು. ಒಂದು ಕೊನೆಯಿಂದ ಮತ್ತೊಂದು ಕೊನೆಗೆ ಶರೀರವು ಸಾಗಿದ ದಾರಿಯು ಎರಡು ಚಿತ್ರಗಳ ನಡುವಿನ ಬಿಳಿಯ ಜಾಗದಲ್ಲಿ ಮರೆಯಾಗಿರುವುದು. ಚಿತ್ರವನ್ನು ನೋಡಿ ಕಲಿತವನು ಭಂಗಿಯಿಂದ ಭಂಗಿಗೆ ಜಿಗಿಯುವುದಕ್ಕೆ ಇದೇ ಕಾರಣ. ಇಂದಿನ ಚಲಚ್ಚಿತ್ರಗಳು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿರುವುವು. ಅವೂ ತೋರಿಸಬಲ್ಲುವೇ ಹೊರತು, ನೋಡುವವನ ತಪ್ಪನ್ನು ಕಂಡು ತಿದ್ದಲಾರವು.

ಯಾಂಗ್ ಚೆಂಗ್‌ಫುವಿನ 1934ರ ಗ್ರಂಥಕ್ಕೆ ಬೇರೊಂದು ಗುಣವಿದೆ. ಎದುರಾಳಿಯೊಬ್ಬನು ಹೀಗೆ ಕೈಮಾಡಿದರೆ ಹೀಗೆ ತಿರುಗಬೇಕೆಂದು ಅದು ಪ್ರತಿಯೊಂದು ಭಂಗಿಗೂ ಪ್ರಯೋಜನವನ್ನು ಹೇಳುವುದು. ಯುದ್ಧದ ಹಂಬಲವಿಲ್ಲದ ವೃದ್ಧನಿಗೂ ಇದು ಬೇಕಾದುದೇ. ಕೈಯು ಏಕೆ ಮೇಲೇಳುವುದೆಂದು ತಿಳಿಯದವನ ಕೈಯು ಗಾಳಿಯಲ್ಲಿ ಗುರಿಯಿಲ್ಲದೆ ತೇಲುವುದು.

ಭಾಷಾಂತರಗಳ ವಿಚಾರದಲ್ಲಿಯೂ ಎಚ್ಚರವು ಅಗತ್ಯ. ಮೂಲದಲ್ಲಿ ಸ್ನಾಯುವಿನ ಹುಟ್ಟುಬಲಕ್ಕೆ 'ಲಿ' ಎಂದೂ, ಅಭ್ಯಾಸದಿಂದ ಸರ್ವಾಂಗಗಳೂ ಕೂಡಿ ಉಂಟಾಗುವ ಬಲಕ್ಕೆ 'ಜಿನ್' ಎಂದೂ ಬೇರೆ ಹೆಸರುಗಳಿರುವುವು. ಎರಡಕ್ಕೂ ಬಲವೆಂದೇ ಹೇಳಿದರೆ, ಬಲವನ್ನು ಬಿಡು, ಬಲವನ್ನು ಒಗ್ಗೂಡಿಸು ಎಂಬ ಎರಡು ವಿಧಿಗಳು ಪರಸ್ಪರವಿರುದ್ಧವಾಗಿ ತೋರುವುವು. ಹಾಗೆಯೇ 'ಸೊಂಗ್' ಎಂಬ ಶಬ್ದವನ್ನು ವಿಶ್ರಾಂತಿಯೆಂದು ಅನುವಾದಿಸುವುದುಂಟು. ಅದನ್ನು ಓದಿದವನು ಅಂಗಾಂಗಗಳನ್ನು ಜೋಲುಬಿಟ್ಟು, ಅದನ್ನೇ ಸಿದ್ಧಿಯೆಂದು ತಿಳಿಯುವನು. ಆ ಅಕ್ಷರದ ನೆತ್ತಿಯಲ್ಲಿ ಕೂದಲನ್ನು ಸೂಚಿಸುವ ಚಿಹ್ನೆಯಿರುವುದು. ಕಟ್ಟಿದ ಕೂದಲನ್ನು ಬಿಚ್ಚಿಬಿಟ್ಟಂತೆ ಗಂಟುಗಳು ಕಳಚುವುದೆಂದು ಅದರ ಭಾವ. ಬಿಚ್ಚಿದ ಕೂದಲು ಬುಡದಲ್ಲಿ ಭದ್ರವಾಗಿಯೇ ಇರುವುದೆಂಬುದನ್ನು ಮರೆಯಬಾರದು.

ಈ ವಿದ್ಯೆಯ ಆರೋಗ್ಯಫಲವನ್ನು ಹೊಗಳುವ ಹೊಸ ಪುಸ್ತಕಗಳು ಇಂದು ವಿಪುಲವಾಗಿವೆ. 1956ರಲ್ಲಿ ಚೀನದ ಸರ್ಕಾರದ ಕ್ರೀಡಾಸಮಿತಿಯು ಯಾಂಗ್ ಸಂಪ್ರದಾಯದಿಂದ ಆಯ್ದು 24 ಭಂಗಿಗಳ ಸುಲಭಕ್ರಮವೊಂದನ್ನು ರೂಪಿಸಿದ ಮೇಲೆ ವಿದ್ಯೆಯು ದೇಶದೇಶಗಳಲ್ಲಿ ಹರಡಿತು. 2020ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. 2012ರಲ್ಲಿ ಅಮೆರಿಕದ ಆರೆಗಾನ್ ಪ್ರಾಂತದಲ್ಲಿ ಕಂಪವಾತದ 195 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲವು ಪ್ರಕಟವಾಯಿತು. ವಾರಕ್ಕೆ ಎರಡು ಸಲ, ಒಂದೊಂದು ಗಂಟೆಯಂತೆ, 24 ವಾರ ತಾಯ್‌ಚಿ ಅಭ್ಯಾಸಮಾಡಿದವರಲ್ಲಿ ಶರೀರದ ಸಮತೋಲವು ಉತ್ತಮಗೊಂಡುದು ಕಂಡುಬಂತು. ಪುಸ್ತಕಕರ್ತರು ಇಂತಹ ಫಲಗಳನ್ನು ಉದಾಹರಿಸುವಾಗ ಒಂದು ಮಾತನ್ನು ಮರೆಯುವರು: ಆ ರೋಗಿಗಳು ಶಿಕ್ಷಕನ ಕಣ್ಣೆದುರಿಗೆ ಅಭ್ಯಾಸಮಾಡಿದವರು. ಶಿಕ್ಷಕನಿಂದ ದೊರೆತ ಫಲವನ್ನು ಪುಸ್ತಕದ ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯವಲ್ಲ. ಇದರಲ್ಲಿ ಅಪಾಯವೂ ಇದೆ. ಮೊಣಕಾಲನ್ನು ಬೆರಳುಗಳಿಗಿಂತ ಮುಂದಕ್ಕೆ ಚಾಚಿ, ಭಾರವು ಅದರ ಮೇಲಿರುವಾಗಲೇ ತಿರುಚುವ ಅಭ್ಯಾಸವು ದಿನದಿನವೂ ನಡೆದರೆ, ಆರೋಗ್ಯಕ್ಕಾಗಿ ತೊಡಗಿದವನು ಮೊಣಕಾಲಿನ ನೋವನ್ನು ಸಂಪಾದಿಸಿಕೊಳ್ಳುವನು. ಪುಟದಲ್ಲಿರುವ ಎಚ್ಚರಿಕೆಯು ತಪ್ಪಿದ ಮೊಣಕಾಲನ್ನು ಹಿಡಿದು ನಿಲ್ಲಿಸುವುದಿಲ್ಲ.

ಹೀಗಿರುವಲ್ಲಿ ಗುರುವು ದೊರೆಯದವನು ಗ್ರಂಥವನ್ನು ಮುಚ್ಚಿಡಬೇಕೇ? ಹಾಗೆನ್ನುವುದು ಆತುರದ ಮಾತಾಗುವುದು. ತಾನೊಬ್ಬನೇ ಪರೀಕ್ಷಿಸಿಕೊಳ್ಳಬಲ್ಲ ಅಂಶಗಳು ಆ ಗ್ರಂಥಗಳಲ್ಲಿ ಕೆಲವಿವೆ. ತುಂಬಿದ ಕಾಲು, ಬರಿದಾದ ಕಾಲುಗಳ ವಿವೇಚನೆಯು ಅವುಗಳಲ್ಲಿ ಮುಖ್ಯ. ಭಾರವೆಲ್ಲವನ್ನೂ ಒಂದು ಕಾಲಿಗೆ ಮೆಲ್ಲನೆ ಒಯ್ದು, ಮುಂಡವನ್ನು ವಾಲಿಸದೆ ಮತ್ತೊಂದು ಪಾದವನ್ನು ಎತ್ತಬಲ್ಲನಾದರೆ ಅದು ನಿಜವಾಗಿ ಬರಿದಾಯಿತೆಂದು ತಿಳಿಯಬಹುದು. ಎತ್ತುವಾಗ ಶರೀರವು ಓಲಾಡಿದರೆ ಇನ್ನೂ ಬರಿದಾಗಲಿಲ್ಲ. ಪಾದವನ್ನು ನೆಲಕ್ಕಿಟ್ಟ ಬಳಿಕವೇ ಭಾರವನ್ನು ಒಯ್ಯುವುದು ಇದರ ಮುಂದಿನ ಹೆಜ್ಜೆ. ಹನ್ನೊಂದನೆಯ ಶತಮಾನದ ದಾರ್ಶನಿಕ ಜೌ ದುನ್‌ಯಿ ತನ್ನ ತಾಯ್‌ಚಿ ಚಿತ್ರದ ವಿವರಣೆಯಲ್ಲಿ, ಚಲನೆಯು ಪರಮಾವಧಿಗೇರಿದಾಗ ನಿಶ್ಚಲತೆಯೂ ನಿಶ್ಚಲತೆಯು ಪರಮಾವಧಿಗೇರಿದಾಗ ಚಲನೆಯೂ ಹುಟ್ಟುವುವೆಂದು ನಿರೂಪಿಸಿರುವನು. ಒಂದು ಕಾಲು ಪೂರ್ಣವಾಗಿ ತುಂಬಿದಾಗಲೇ ಮತ್ತೊಂದು ಕಾಲು ಹೊರಡಲು ಸಿದ್ಧವಾಗುವುದನ್ನು ಕಂಡವನಿಗೆ ಆ ದರ್ಶನದ ಒಂದು ಕಣವಾದರೂ ಕಾಲಿಗೆ ತಿಳಿಯುವುದು. ಕೇವಲ ಓದಿನಿಂದಾಗುವ ತತ್ತ್ವಜ್ಞಾನಕ್ಕಿಂತ ಇದು ಮೇಲು. ಆದರೆ ಸ್ಪರ್ಶಮಾತ್ರದಿಂದ ಇನ್ನೊಬ್ಬನ ಉದ್ದೇಶವನ್ನು ಅರಿಯುವ, ಚೀನೀಯರು 'ಕೇಳುವ ಬಲ'ವೆಂದು ಕರೆಯುವ ಶಕ್ತಿಯು ಇನ್ನೊಬ್ಬನ ಕೈಯಿಲ್ಲದೆ ಎಂದಿಗೂ ಬಾರದು. ವಿದ್ಯೆಯ ಹೃದಯವಿರುವುದು ಅಲ್ಲಿಯೇ.

ಆದುದರಿಂದ ಈ ವಾಙ್ಮಯವನ್ನು ಓದುವವನು ಲೀ ಯೀಯೂವಿನ ನಿಬಂಧದಿಂದಲೂ ಚೆನ್ ವೈಮಿಂಗನ ಹತ್ತು ಅಂಶಗಳಿಂದಲೂ ಆರಂಭಿಸಿ, ಒಂದೊಂದು ಅಂಶವನ್ನು ಹಲವು ದಿನ ಶರೀರದಲ್ಲಿ ಪರೀಕ್ಷಿಸುತ್ತ, ಮೊಣಕಾಲುಗಳನ್ನು ಕಾಪಾಡಿಕೊಂಡು ನಡೆಯುವುದು ಯುಕ್ತ. ಮೂಲಸೂತ್ರಗಳನ್ನು ಕೊನೆಗೆ ಇಟ್ಟುಕೊಳ್ಳಲಿ. ವರ್ಷಕ್ಕೊಮ್ಮೆಯಾದರೂ ಬಲ್ಲವನೊಬ್ಬನ ಬಳಿಗೆ ಹೋಗಿ, ಮಣಿಕಟ್ಟಿಗೆ ಮಣಿಕಟ್ಟನ್ನು ತಾಗಿಸಿ ನಿಂತು, ಓದಿದುದರಲ್ಲಿ ನಿಂತುದೆಷ್ಟು, ಉದುರಿಹೋದುದೆಷ್ಟು ಎಂಬುದನ್ನು ನೋಡಿಕೊಳ್ಳಲಿ. ಅಂದು ಅವನು ಸೋತು ಮನೆಗೆ ಬಂದು ಅದೇ ಪುಟವನ್ನು ಮತ್ತೆ ತೆರೆದರೆ, ಮೊದಲ ಸಲ ಅರ್ಥವಾಯಿತೆಂದುಕೊಂಡು ದಾಟಿಹೋದ ಸಾಲುಗಳಲ್ಲಿ ಅವನ ಕಣ್ಣು ನಿಲ್ಲುವುದು.